ವಿಷಲ್ ಕೊಟ್ಟುಹೋದ ಬಕ್ ಸಾಹೇಬ, ಊದುವವರ ಬೆನ್ನಿಗೆ ನಿಲ್ಲದ ನಾವು

ಹಳ್ಳಿ ಕಬಡ್ಡಿಯಲ್ಲಿ ಗಲಾಟೆ ಎಲ್ಲಿಂದ ಶುರುವಾಗುತ್ತೆ ಅಂತ ನಮ್ಮ ಉಮ್ಮತ್ತೂರು ಸುತ್ತಮುತ್ತ ಯಾರನ್ನಾದರೂ ಕೇಳಿ ನೋಡಿ. ಬಹಳಷ್ಟು ಜನ ರೆಫ್ರಿ ಕಡೆಗೇ ಕೈ ತೋರಿಸ್ತಾರೆ. ಬೋನಸ್ ಲೈನ್ ದಾಟಿದ್ದನ್ನು ನೋಡಲಿಲ್ಲ, ರೈಡರ್ ದಮ್ ಬಿಟ್ಟಿದ್ದು ಕೇಳಿಸಲಿಲ್ಲ, ಅವನು ಆ ಊರಿನ ಕಡೆಯವನು, ಆ ಕೇರಿಯ ಕಡೆಯವನು. ಆ ರೆಫ್ರಿ ಸಾಮಾನ್ಯವಾಗಿ ಯಾರಿರ್ತಾರೆ? ಪಕ್ಕದ ಶಾಲೆಯ ಪಿಟಿ ಮೇಷ್ಟ್ರು. ಅವರಿಗೆ ಈ ಕೆಲಸ ಕಲಿಸಿದ್ದು ಯಾರು? ಅವರು ಸರಿಯಾಗಿ ಮಾಡ್ತಿದ್ದಾರೋ ಇಲ್ಲವೋ ಅಂತ ನೋಡಿ ಹೇಳೋರು ಯಾರು? ಜನ ಮೈಮೇಲೆ ಬಂದಾಗ ಅವರ ಬೆನ್ನಿಗೆ ನಿಲ್ಲೋರು ಯಾರು? ಈ ಮೂರು ಪ್ರಶ್ನೆಗಳನ್ನು ನಾವು ಕೇಳೋದೇ ಇಲ್ಲ.

ಮೊದಲನೇ ಪ್ರಶ್ನೆಯ ಬೆನ್ನು ಹಿಡಿದು ಹೋದರೆ ನೂರು ವರ್ಷ ಹಿಂದಿನ ಮದ್ರಾಸಿಗೆ, ಒಬ್ಬ ಅಮೆರಿಕನ್ನನ ಬಳಿಗೆ ಬಂದು ನಿಲ್ತೀವಿ. ಅವನ ಹೆಸರು ಹ್ಯಾರಿ ಕ್ರೋ ಬಕ್. ಬಿ.ಪಿ.ಇಡಿ. ಓದಿದವರಿಗೆಲ್ಲ ಗೊತ್ತಿರುವ ಹೆಸರು. ಭಾರತದ ಆಧುನಿಕ ದೈಹಿಕ ಶಿಕ್ಷಣದ ಪಿತಾಮಹ ಅಂತ ಕರೆಸಿಕೊಂಡವನು. ಉಳಿದ ಎರಡು ಪ್ರಶ್ನೆಗಳಿಗೆ ಇವತ್ತಿಗೂ ಉತ್ತರ ಯಾಕಿಲ್ಲ ಅನ್ನೋದು ಅರ್ಥವಾಗಬೇಕಾದರೆ ಈ ಮನುಷ್ಯ ಏನು ಕಟ್ಟಿದ, ಯಾವುದನ್ನು ಕಟ್ಟದೆ ಉಳಿಸಿಹೋದ ಅನ್ನೋದನ್ನು ನೋಡಬೇಕು ಅಂತ ನನಗನಿಸುತ್ತೆ.

ಆಟದ ಜೊತೆಗೇ ಹುಟ್ಟಿದ ತೀರ್ಪುಗಾರ

ಬಕ್ ಹುಟ್ಟಿದ್ದು 1884ರಲ್ಲಿ, ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ. ತರಬೇತಿ ಪಡೆದಿದ್ದು ಮ್ಯಾಸಚೂಸೆಟ್ಸ್‌ನ ಸ್ಪ್ರಿಂಗ್‌ಫೀಲ್ಡ್‌ನಲ್ಲಿದ್ದ ವೈಎಂಸಿಎ ತರಬೇತಿ ಕಾಲೇಜಿನಲ್ಲಿ. ಇದು ಸಾಮಾನ್ಯ ಜಾಗವಲ್ಲ. 1891ರ ಡಿಸೆಂಬರ್‌ನಲ್ಲಿ ಜೇಮ್ಸ್ ನೈಸ್ಮಿತ್ ಅನ್ನುವ ಅಧ್ಯಾಪಕ, ಚಳಿಗಾಲದಲ್ಲಿ ಒಳಾಂಗಣದಲ್ಲೇ ಕೂತು ಬೇಸತ್ತ ವಿದ್ಯಾರ್ಥಿಗಳಿಗಾಗಿ ಬ್ಯಾಸ್ಕೆಟ್‌ಬಾಲ್ ಕಂಡುಹಿಡಿದದ್ದು ಇಲ್ಲೇ. ಇಲ್ಲೇ ಓದಿದ ವಿಲಿಯಂ ಮಾರ್ಗನ್ 1895ರಲ್ಲಿ ಹತ್ತಿರದ ಹೋಲಿಯೋಕ್ ಪಟ್ಟಣದಲ್ಲಿ ವಾಲಿಬಾಲ್ ಶುರುಮಾಡಿದ. ಇವತ್ತು ನಮ್ಮ ಹಳ್ಳಿಗಳಲ್ಲಿ ಎರಡು ಕಂಬ ನೆಟ್ಟು, ಸುಣ್ಣದ ಗೆರೆ ಎಳೆದು ಸಂಜೆ ಹೊತ್ತು ಆಡುವ ಆಟದ ಮೂಲ ಅದು.

ನೈಸ್ಮಿತ್ ಬರೆದ ನಿಯಮಗಳು ಒಟ್ಟು 13. ಅವುಗಳಲ್ಲಿ ಎರಡು ಪೂರ್ತಿ ತೀರ್ಪುಗಾರರ ಬಗ್ಗೆ. ಅಂಪೈರ್ ಆಟಗಾರರನ್ನು ನೋಡಬೇಕು, ಫೌಲ್‌ಗಳನ್ನು ಗುರುತಿಸಬೇಕು, ಅಗತ್ಯ ಬಿದ್ದರೆ ಆಟಗಾರನನ್ನು ಹೊರಗೆ ಹಾಕಬೇಕು. ರೆಫ್ರಿ ಚೆಂಡನ್ನು ನೋಡಬೇಕು, ಸಮಯ ನೋಡಿಕೊಳ್ಳಬೇಕು, ಗೋಲು ಎಣಿಸಬೇಕು. ಆಟ ಹುಟ್ಟಿದ ಹೊತ್ತಿಗೇ ಅದರ ತೀರ್ಪುಗಾರನೂ ಹುಟ್ಟಿದ, ಅದೂ ಒಬ್ಬನಲ್ಲ, ಇಬ್ಬರು. ಒಂದು ಜೊತೆ ಕಣ್ಣಿಗೆ ಎಲ್ಲವೂ ಕಾಣೋದಿಲ್ಲ ಅನ್ನೋ ತಿಳಿವಳಿಕೆ ನಿಯಮದಲ್ಲೇ ಸೇರಿಹೋಗಿತ್ತು. ನೈಸ್ಮಿತ್ 1895ರಲ್ಲೇ ಸ್ಪ್ರಿಂಗ್‌ಫೀಲ್ಡ್ ಬಿಟ್ಟಿದ್ದ. ಆದರೆ ಬಕ್ ತಯಾರಾದದ್ದು ಇಂಥ ಆಲೋಚನೆ ಬೇರೂರಿದ್ದ ಜಾಗದಲ್ಲಿ.

ಡ್ರಿಲ್‌ಗೆ ರೆಫ್ರಿ ಬೇಕಿಲ್ಲ

1919ರಲ್ಲಿ ಬಕ್ ಭಾರತಕ್ಕೆ ಬಂದ. ಮೊದಲ ಮಹಾಯುದ್ಧ ಆಗತಾನೇ ಮುಗಿದಿತ್ತು. ಆಗಿನ ಶಾಲೆಗಳಲ್ಲಿ ದೈಹಿಕ ಶಿಕ್ಷಣ ಅಂದರೆ ಹೆಚ್ಚುಕಡಿಮೆ ಡ್ರಿಲ್. ಸೈನ್ಯದಿಂದ ನಿವೃತ್ತರಾಗಿ ಬಂದವರು ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಎಡ, ಬಲ ಅಂತ ಕೂಗಿಸ್ತಿದ್ದರು. ಇಲ್ಲಿ ಒಂದು ಮಾತು ಗಮನಿಸಿ. ಡ್ರಿಲ್‌ಗೆ ರೆಫ್ರಿ ಬೇಕಾಗಿಲ್ಲ. ಒಬ್ಬ ಆಜ್ಞೆ ಕೊಡ್ತಾನೆ, ಉಳಿದವರು ಪಾಲಿಸ್ತಾರೆ, ಅಲ್ಲಿಗೆ ಮುಗಿಯಿತು. ಆಟದಲ್ಲಿ ಹಾಗಲ್ಲ. ಎರಡು ಕಡೆಯವರು ಸಮಾನರಾಗಿ ಎದುರುಬದುರು ನಿಲ್ತಾರೆ, ಇಬ್ಬರೂ ಒಪ್ಪಿಕೊಂಡ ನಿಯಮ ಇರುತ್ತೆ, ಜಗಳ ಬಂದಾಗ ನೋಡಿ ಹೇಳೋಕೆ ಮೂರನೆಯವರೊಬ್ಬರು ಬೇಕಾಗ್ತಾರೆ. ವಸಾಹತು ಆಡಳಿತಕ್ಕೆ ಬೇಕಿದ್ದದ್ದು ಡ್ರಿಲ್. ಪ್ರಜಾಪ್ರಭುತ್ವಕ್ಕೆ ಬೇಕಾಗುವ ಅಭ್ಯಾಸ ಆಟ. ಬಕ್ ಇದನ್ನು ರಾಜಕೀಯವಾಗಿ ಯೋಚಿಸಿದ್ದ ಅಂತ ನಾನು ಹೇಳ್ತಿಲ್ಲ. ಅವನು ಕ್ರೈಸ್ತ ಸಂಸ್ಥೆಯೊಂದು ಕಳಿಸಿದ ತರಬೇತುದಾರ, ಬ್ರಿಟಿಷ್ ಆಡಳಿತದ ನೆರಳಿನಲ್ಲೇ ಕೆಲಸ ಮಾಡಿದವನು. ಆದರೆ ಅವನು ಮಾಡಿದ ಕೆಲಸದ ಪರಿಣಾಮ ಆ ದಿಕ್ಕಿನದು.

1920ರಲ್ಲಿ ಮದ್ರಾಸ್‌ನಲ್ಲಿ ಅವನು ದೈಹಿಕ ಶಿಕ್ಷಣದ ತರಬೇತಿ ಶಾಲೆ ತೆರೆದ. ಏಷ್ಯಾದಲ್ಲೇ ಇಂಥದ್ದು ಮೊದಲನೆಯದು ಎಂದು ಹೆಸರಾದ ಸಂಸ್ಥೆ ಅದು. ಶುರುವಿನಲ್ಲಿ ಕೈಬೆರಳೆಣಿಕೆಯ ವಿದ್ಯಾರ್ಥಿಗಳು, ಜೊತೆಗೆ ಕೈಜೋಡಿಸಿದ ಹೆಂಡತಿ ಮೇರಿ. ಮುಂದೆ ಅದು ಅಡ್ಯಾರ್ ನದಿ ದಂಡೆಯ ಸೈದಾಪೇಟೆ ಕಡೆಗೆ ಹೋಗಿ ನೆಲೆ ಕಂಡಿತು. ಈಗಿನ ಚೆನ್ನೈನ ನಂದನಂನಲ್ಲಿರುವ ವೈಎಂಸಿಎ ದೈಹಿಕ ಶಿಕ್ಷಣ ಕಾಲೇಜು ಅದೇ.

ಇಲ್ಲಿ ಬಕ್ ಮಾಡಿದ ಆಯ್ಕೆ ದೊಡ್ಡದು. ನಾಲ್ಕು ಜನ ಚಾಂಪಿಯನ್ನರನ್ನು ತಯಾರು ಮಾಡಿ ಹೆಸರು ಗಳಿಸಬಹುದಿತ್ತು. ಅದನ್ನು ಬಿಟ್ಟು ಕಲಿಸುವವರಿಗೆ ಕಲಿಸೋ ಕೆಲಸಕ್ಕೆ ಕೈ ಹಾಕಿದ. ಒಬ್ಬ ಮೇಷ್ಟ್ರು ತಯಾರಾದರೆ ಅವರ ಕೈಕೆಳಗೆ ಮೂವತ್ತು ವರ್ಷ ಸಾವಿರಾರು ಮಕ್ಕಳು ಹಾದು ಹೋಗ್ತಾರೆ, ಅಲ್ವಾ? ಇವತ್ತಿಗೂ ದೈಹಿಕ ಶಿಕ್ಷಣದ ಪದವಿಯಲ್ಲಿ ಆಟ ಕಲಿಸೋದು ಒಂದು ಪಾಠವಾದರೆ ಆಟಕ್ಕೆ ತೀರ್ಪು ಕೊಡೋದು ಇನ್ನೊಂದು ಪಾಠ. ಅಂಕಣ ಅಳೆಯೋದು, ಸ್ಕೋರ್ ಶೀಟ್ ತುಂಬೋದು, ಕೈಸನ್ನೆ ಮಾಡೋದು ಎಲ್ಲದಕ್ಕೂ ಪ್ರಾಯೋಗಿಕ ಪರೀಕ್ಷೆ ಇರುತ್ತೆ. ನಮ್ಮ ಪಿಟಿ ಮೇಷ್ಟ್ರ ಕೊರಳಲ್ಲಿ ವಿಷಲ್ ನೇತಾಡೋದರ ಹಿಂದಿನ ಕಥೆ ಇದು.

ಪ್ಯಾರಿಸ್, ಮತ್ತು ಒಂದು ನಿಯಮ ಪುಸ್ತಕ

1924ರ ಫೆಬ್ರವರಿಯಲ್ಲಿ ಪ್ಯಾರಿಸ್ ಒಲಿಂಪಿಕ್ಸ್‌ಗೆ ತಂಡ ಆರಿಸಲು ದೆಹಲಿಯಲ್ಲಿ ಅಖಿಲ ಭಾರತ ಕ್ರೀಡಾಕೂಟ ನಡೆಯಿತು. ಅಲ್ಲಿಂದ ಪ್ಯಾರಿಸ್‌ಗೆ ಹೋದ ಭಾರತ ತಂಡದ ಮ್ಯಾನೇಜರ್ ಬಕ್. ಅಥ್ಲೀಟ್‌ಗಳು, ಟೆನಿಸ್ ಆಟಗಾರರು ಸೇರಿದ್ದ ಸಣ್ಣ ತಂಡ ಅದು. ಪದಕ ಬರಲಿಲ್ಲ. ಆದರೆ ಮೂರೇ ವರ್ಷದಲ್ಲಿ, 1927ರಲ್ಲಿ, ದೊರಾಬ್ಜಿ ಟಾಟಾ ಅಧ್ಯಕ್ಷರಾಗಿ ಭಾರತೀಯ ಒಲಿಂಪಿಕ್ ಸಂಸ್ಥೆ ನಿಂತಿತು. ಅದರ ಕಾರ್ಯದರ್ಶಿಯಾದವರು ವೈಎಂಸಿಎಯವರೇ ಆದ ಎ.ಜಿ. ನೋರೆನ್.

ಬಕ್ ಮಾಡಿದ ಮತ್ತೊಂದು ಕೆಲಸ ಇಷ್ಟು ಸದ್ದು ಮಾಡಿದ್ದಲ್ಲ. ಆಟಗಳ ನಿಯಮಗಳನ್ನೆಲ್ಲ ಒಂದೆಡೆ ಸೇರಿಸಿ ಪುಸ್ತಕ ಮಾಡಿದ. ನಮ್ಮ ದೇಸೀ ಆಟಗಳಿಗೂ ಅದರಲ್ಲಿ ಜಾಗ ಕೊಟ್ಟ. ಇದೇನು ಮಹಾ ಅಂತೀರಾ? ಆಗಿನ ಸ್ಥಿತಿ ನೆನಪಿಸಿಕೊಳ್ಳಿ. ಒಂದೇ ಆಟಕ್ಕೆ ಊರಿಗೊಂದು ಹೆಸರು, ಊರಿಗೊಂದು ನಿಯಮ. ನಮ್ಮಲ್ಲಿ ಚಡುಗುಡು, ಉತ್ತರ ಕರ್ನಾಟಕದ ಕಡೆ ಹುತುತು. ಒಬ್ಬೊಬ್ಬರ ಅಂಕಣದ ಅಳತೆ ಒಂದೊಂದು. ಅಂಥ ಕಡೆ ಹೊರಗಿನ ಊರಿನವರ ಜೊತೆ ಆಡಿದರೆ ಜಗಳ ಗ್ಯಾರಂಟಿ, ಯಾಕಂದ್ರೆ ಇಬ್ಬರೂ ತಮ್ಮ ತಮ್ಮ ನಿಯಮದ ಪ್ರಕಾರ ಸರಿಯೇ. ನಿಯಮ ಬರವಣಿಗೆಗೆ ಇಳಿದ ಮೇಲೆ ಬಡವರ ಮನೆ ಹುಡುಗನೂ ಪುಸ್ತಕ ತೆರೆದು ತೋರಿಸಿ ಕೇಳಬಹುದು. ಬರೆಯದ ನಿಯಮ ಯಾವಾಗಲೂ ಊರಿನ ದೊಡ್ಡವರ ಬಾಯಲ್ಲಿರುತ್ತೆ.

ಹಾಗಂತ ಬಕ್ ಬರೋ ಮುಂಚೆ ನಮ್ಮಲ್ಲಿ ತೀರ್ಪುಗಾರರೇ ಇರಲಿಲ್ಲ ಅಂತ ಭಾವಿಸೋದು ತಪ್ಪು. ಮೈಸೂರು ಸೀಮೆಯ ಗರಡಿ ಮನೆಗಳಲ್ಲಿ ಉಸ್ತಾದರಿದ್ದರು. ದಸರಾ ಕುಸ್ತಿಗೆ ಮುಂಚೆ ಹಿರಿಯ ಪೈಲ್ವಾನರು ಕೂತು ತೂಕ, ವಯಸ್ಸು, ಅನುಭವ ನೋಡಿ ಜೋಡಿ ಕಟ್ಟೋ ಪದ್ಧತಿ ಇವತ್ತಿಗೂ ಇದೆ. ಅಸಮಾನರನ್ನು ಎದುರುಬದುರು ನಿಲ್ಲಿಸಬಾರದು ಅನ್ನೋ ನ್ಯಾಯ ಅದರಲ್ಲಿದೆ. ಅರಮನೆ ಅಂಗಳದ ವಜ್ರಮುಷ್ಟಿ ಕಾಳಗದಲ್ಲಿ ನೆತ್ತರು ಚಿಮ್ಮಿದೊಡನೆ ಕಾದಾಟ ನಿಲ್ಲಿಸ್ತಾರೆ. ಗರಡಿಯ ತೀರ್ಪುಗಾರ ತನ್ನ ಹಿರಿಯರ ಕಣ್ಣೆದುರೇ ಬೆಳೆದು ಬಂದವನು. ಅವನು ಹೇಗೆ ತೀರ್ಪು ಕೊಡ್ತಾನೆ ಅಂತ ನೋಡೋಕೆ, ತಿದ್ದೋಕೆ ಅಖಾಡದ ಸುತ್ತ ಗೊತ್ತಿದ್ದವರು ಇರ್ತಿದ್ದರು. ಬಕ್ ತಂದ ಹೊಸ ವ್ಯವಸ್ಥೆ ನಿಯಮವನ್ನು ಎಲ್ಲರ ಕೈಗೂ ತಲುಪಿಸಿತು. ಆದರೆ ಈ ಹಿರಿಯರ ಕಣ್ಣು ಅನ್ನೋದು ಆ ವ್ಯವಸ್ಥೆಯ ಜೊತೆ ಹಳ್ಳಿಯವರೆಗೆ ಬರಲಿಲ್ಲ.

ಮದ್ರಾಸಿನಿಂದ ನಮ್ಮ ಕಡೆಗೆ

ಮದ್ರಾಸಿನ ಕಥೆಗೂ ನಮಗೂ ಏನು ಸಂಬಂಧ ಅನ್ನೋರಿಗೆ ಒಂದಿಷ್ಟು ಭೂಗೋಳ. ಉಮ್ಮತ್ತೂರು, ಯಳಂದೂರು ಮೈಸೂರು ಸಂಸ್ಥಾನದಲ್ಲಿದ್ದವು. ಅಲ್ಲಿಂದ ಸ್ವಲ್ಪ ಮುಂದಿನ ಕೊಳ್ಳೇಗಾಲ ಮಾತ್ರ ಮದ್ರಾಸ್ ಆಡಳಿತದಲ್ಲಿ, ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. 1956ರ ನವೆಂಬರ್ 1ರಂದು ರಾಜ್ಯಗಳ ಮರುವಿಂಗಡಣೆಯಾದಾಗಲೇ ಅದು ಈ ಕಡೆ ಬಂದದ್ದು. 1997ರಲ್ಲಿ ಚಾಮರಾಜನಗರ ಜಿಲ್ಲೆ ಆದಾಗ ಎರಡೂ ಕಡೆಯವು ಒಂದೇ ಜಿಲ್ಲೆಯೊಳಗೆ ಕೂತವು. ಮಂಗಳೂರು, ಬಳ್ಳಾರಿ ಕೂಡ ಬಕ್ ಬದುಕಿದ್ದಷ್ಟು ಕಾಲ ಮದ್ರಾಸ್ ಪ್ರಾಂತ್ಯದವೇ. ಅಂದರೆ ಇವತ್ತಿನ ಕರ್ನಾಟಕದ ಒಂದು ದೊಡ್ಡ ಭಾಗದ ಶಾಲೆಗಳಿಗೆ ಆಗಿನ ರಾಜಧಾನಿ ಮದ್ರಾಸ್. ದೈಹಿಕ ಶಿಕ್ಷಣದ ತರಬೇತಿ ಅಂದರೆ ಬಕ್ ಸಾಹೇಬನ ಕಾಲೇಜು ನೆನಪಾಗುವ ಕಾಲ ಅದು.

ಬಕ್ 1943ರಲ್ಲಿ ಮದ್ರಾಸಿನಲ್ಲೇ ತೀರಿಕೊಂಡ. ಹೊರಗೆ ಎರಡನೇ ಮಹಾಯುದ್ಧ ನಡೀತಿತ್ತು, ಒಳಗೆ ಕ್ವಿಟ್ ಇಂಡಿಯಾ ಚಳವಳಿಯ ಕಾವು ಆರಿರಲಿಲ್ಲ. ಸುಮಾರು 24 ವರ್ಷ ಈ ನೆಲದಲ್ಲಿ ಕೆಲಸ ಮಾಡಿ, ಊರಿಗೆ ವಾಪಸ್ ಹೋಗದೆ ಇಲ್ಲೇ ಮುಗಿಸಿದ. ಅವನು ಸತ್ತ ಮೇಲೆ ಕಬಡ್ಡಿಗೆ 1950ರಲ್ಲಿ, ವಾಲಿಬಾಲ್‌ಗೆ 1951ರಲ್ಲಿ ರಾಷ್ಟ್ರೀಯ ಫೆಡರೇಶನ್‌ಗಳು ಬಂದವು. ಆಯಾ ಆಟದ ರೆಫ್ರಿ ಪರೀಕ್ಷೆ ನಡೆಸೋದು ಫೆಡರೇಶನ್‌ಗಳ ಕೆಲಸವಾಯಿತು. ಕಲಿಸೋದು ಕಾಲೇಜು, ಪಾಸ್ ಮಾಡೋದು ಫೆಡರೇಶನ್. ಪಾಸಾದ ಮೇಲೆ? ಅಲ್ಲಿಗೆ ದಾರಿ ನಿಂತುಹೋಗುತ್ತೆ.

ಮತಗಟ್ಟೆಯಲ್ಲಿ ಇರೋದು ಮೈದಾನದಲ್ಲಿ ಯಾಕಿಲ್ಲ?

ಅದೇ ಶಾಲಾ ಮೇಷ್ಟ್ರು ಚುನಾವಣೆ ಬಂದಾಗ ಮತಗಟ್ಟೆ ಅಧಿಕಾರಿಯಾಗ್ತಾರೆ. ಆಗ ಸರ್ಕಾರ ಏನೇನು ಮಾಡುತ್ತೆ ನೋಡಿ. ಮುಂಚೆಯೇ ತರಬೇತಿ ಕೊಡುತ್ತೆ. ಕೈಪಿಡಿ ಕೊಡುತ್ತೆ. ನಡೆದದ್ದೆಲ್ಲ ಬರೆಯೋಕೆ ಡೈರಿ ಕೊಡುತ್ತೆ. ಪೊಲೀಸ್ ಇರ್ತಾರೆ, ಮೇಲೆ ವೀಕ್ಷಕರು ಇರ್ತಾರೆ, ಭತ್ಯೆ ಇರುತ್ತೆ. ತಪ್ಪು ಮಾಡಿದರೆ ಕೇಳೋರಿದ್ದಾರೆ, ಯಾರಾದರೂ ಹೆದರಿಸಿದರೆ ಕಾಪಾಡೋರೂ ಇದ್ದಾರೆ. 2004ರಲ್ಲಿ ನಮ್ಮ ಪಕ್ಕದ ಸಂತೇಮರಹಳ್ಳಿ ಕ್ಷೇತ್ರದಲ್ಲಿ ಆರ್. ಧ್ರುವನಾರಾಯಣ ಅವರು ಎ.ಆರ್. ಕೃಷ್ಣಮೂರ್ತಿ ಅವರ ಎದುರು ಒಂದೇ ಒಂದು ಮತದಿಂದ ಗೆದ್ದರು. 40,752 ಮತ್ತು 40,751. ಇಡೀ ದೇಶ ಮಾತಾಡಿಕೊಂಡ ಫಲಿತಾಂಶ. ಒಂದು ಮತದ ಅಂತರ ನಿಲ್ಲಬೇಕಾದರೆ ಎಣಿಸಿದವರ ಹಿಂದೆ ಒಂದು ವ್ಯವಸ್ಥೆ ಇದೆ ಅನ್ನೋ ನಂಬಿಕೆ ಬೇಕು.

ಅದೇ ಮೇಷ್ಟ್ರು ವಾರದ ನಂತರ ಒಂದು ಅಂಕದ ಅಂತರದ ಕಬಡ್ಡಿ ಫೈನಲ್‌ಗೆ ನಿಂತಾಗ ಅವರ ಹತ್ತಿರ ಇರೋದು ಒಂದು ವಿಷಲ್. ಕೊನೆಗೆ ಒಂದು ಶಾಲು, ಒಂದು ಊಟ. ತಾಲ್ಲೂಕು ಮಟ್ಟದ ಶಾಲಾ ಕ್ರೀಡಾಕೂಟದಲ್ಲಿ ಇನ್ನೊಂದು ಇಕ್ಕಟ್ಟಿದೆ. ಬೆಳಿಗ್ಗೆ ತನ್ನ ಶಾಲೆ ತಂಡದ ಕೋಚ್ ಆಗಿದ್ದವರೇ ಮಧ್ಯಾಹ್ನ ಬೇರೆ ಶಾಲೆಗಳ ಪಂದ್ಯಕ್ಕೆ ರೆಫ್ರಿ. ಅವರೆಷ್ಟೇ ಪ್ರಾಮಾಣಿಕರಾದರೂ ಅನುಮಾನದಿಂದ ತಪ್ಪಿಸಿಕೊಳ್ಳೋಕೆ ಆಗೋದಿಲ್ಲ. ತರಬೇತುದಾರ, ಸಂಘಟಕ, ತೀರ್ಪುಗಾರ ಎಲ್ಲವೂ ಒಬ್ಬನೇ ಆಗಿರೋ ಪದ್ಧತಿ ಮೇಷ್ಟ್ರುಗಳು ವಿರಳವಾಗಿದ್ದ ಬಕ್ ಕಾಲಕ್ಕೆ ಅನಿವಾರ್ಯವಾಗಿತ್ತು. ನೂರು ವರ್ಷದ ಮೇಲೂ ಅದೇ ಯಾಕೆ?

ನಾನೂ ಆಗಾಗ ವಾಲಿಬಾಲ್ ಪಂದ್ಯಗಳಿಗೆ ವಿಷಲ್ ಹಿಡಿದವನು. ಒಂದು ಟೂರ್ನಿಯಲ್ಲಿ ಗೆರೆಯಾಚೆ ಬಿದ್ದ ಬಾಲ್‌ಗೆ ಔಟ್ ಕೊಟ್ಟೆ. ಲೈನ್ ಜಡ್ಜ್ ಕೂಡ ಅದನ್ನೇ ತೋರಿಸಿದ್ದ. ಆಯೋಜಕರು ಮೈಕಿನಲ್ಲೇ ಆ ಪಾಯಿಂಟ್ ಮತ್ತೆ ಆಡಿಸಿ ಅಂದುಬಿಟ್ಟರು. ಯಾವ ಊರು, ಯಾವ ಸಮಿತಿ ಅನ್ನೋದು ಬೇಡ, ಎಲ್ಲ ಕಡೆಯೂ ನಡೆಯೋದೇ. ಆ ಹೊತ್ತಿನಲ್ಲಿ ನನಗೆ ಬೇಕಿದ್ದದ್ದು ಹೊಗಳಿಕೆಯಲ್ಲ. ನಾನು ನಿಂತ ಜಾಗ ಸರಿಯಿತ್ತಾ, ಸನ್ನೆ ಸ್ಪಷ್ಟವಿತ್ತಾ ಅಂತ ಆಮೇಲೆ ಪಕ್ಕಕ್ಕೆ ಕರೆದು ಹೇಳುವ ಒಬ್ಬ ಹಿರಿಯ. ಪಂದ್ಯ ನಡೆಯುವಾಗ ತೀರ್ಪು ರೆಫ್ರಿಯದ್ದೇ ಅಂತ ಆಯೋಜಕರಿಗೆ ಹೇಳುವ ಒಬ್ಬ ಹಿರಿಯ. ಇಬ್ಬರೂ ಇರಲಿಲ್ಲ.

ಇದು ಬರೀ ಹಳ್ಳಿ ಸಮಸ್ಯೆಯೂ ಅಲ್ಲ. 2023ರ ಅಕ್ಟೋಬರ್ 7ರಂದು ಹಾಂಗ್‌ಝೌ ಏಷ್ಯನ್ ಗೇಮ್ಸ್‌ನ ಪುರುಷರ ಕಬಡ್ಡಿ ಫೈನಲ್ ನೆನಪಿದೆಯಾ? ಭಾರತ ಮತ್ತು ಇರಾನ್ 28–28 ಸಮ. ಪವನ್ ಸೆಹ್ರಾವತ್ ಡೂ ಆರ್ ಡೈ ರೈಡ್‌ಗೆ ಹೋಗಿ ಯಾರನ್ನೂ ಮುಟ್ಟದೆ ಲಾಬಿಗೆ ಕಾಲಿಟ್ಟರು, ಹಿಂದೆಯೇ ಇರಾನ್ ಆಟಗಾರರೂ ಇಳಿದರು. ಹಳೇ ನಿಯಮ ಒಂದು ಹೇಳ್ತಿತ್ತು, ಹೊಸ ನಿಯಮ ಇನ್ನೊಂದು. ತೀರ್ಪು ಹಿಂದೆಮುಂದೆ ಆಗ್ತಾ ಪಂದ್ಯ ಸುಮಾರು ಒಂದು ಗಂಟೆ ನಿಂತುಹೋಯಿತು. ಭಾರತ 33–29ರಿಂದ ಗೆದ್ದಿತು, ನಾವು ಖುಷಿಪಟ್ಟೆವು. ಆದರೆ ನಿಯಮ ಬದಲಾದಾಗ ತೀರ್ಪುಗಾರರನ್ನು ಒಟ್ಟಿಗೆ ಕೂರಿಸಿ ತಯಾರು ಮಾಡದಿದ್ದರೆ ಏನಾಗುತ್ತೆ ಅನ್ನೋದು ಖಂಡದ ಅತಿ ದೊಡ್ಡ ವೇದಿಕೆಯಲ್ಲೇ ಕಂಡಿತು.

ನೋಡೋದು ಹೇಗೆ?

ರೆಫ್ರಿಯನ್ನು ಅಳೆಯೋದು ಅಂದರೆ ತಪ್ಪು ಲೆಕ್ಕ ಹಾಕೋದು ಅಂತ ನಾವು ಅಂದುಕೊಳ್ತೀವಿ. ಯುರೋಪಿನ ಫುಟ್‌ಬಾಲ್‌ನಲ್ಲಿ ಬಹುಕಾಲ ಬಳಸಿದ ಪದ್ಧತಿ ನೋಡಿ. ಮಾಜಿ ರೆಫ್ರಿಯೊಬ್ಬರು ಗ್ಯಾಲರಿಯಲ್ಲಿ ಕೂತು 10ಕ್ಕೆ ಅಂಕ ಕೊಡ್ತಾರೆ. ನಿರೀಕ್ಷೆಯಂತೆ ನಡೆಸಿದರೆ 8.4ರ ಆಸುಪಾಸು. ಪಂದ್ಯದ ಗತಿ ಬದಲಿಸಬಲ್ಲ ಒಂದು ಸ್ಪಷ್ಟ ತಪ್ಪಾದರೆ 7.9ಕ್ಕೋ ಅದಕ್ಕಿಂತ ಕೆಳಗೋ ಇಳಿಯುತ್ತೆ. ಜೊತೆಗೆ ಪಂದ್ಯ ಎಷ್ಟು ಕಷ್ಟದ್ದಿತ್ತು ಅನ್ನೋದನ್ನೂ ಲೆಕ್ಕಕ್ಕೆ ತಗೊಳ್ತಾರೆ. ಆಟ ಮುಗಿದ ಮೇಲೆ ಕೂತು ಮಾತಾಡ್ತಾರೆ. ನಮ್ಮ ಕ್ರಿಕೆಟ್‌ನಲ್ಲೂ ಬಿಸಿಸಿಐ 2022ರಲ್ಲಿ ಅಂಪೈರ್‌ಗಳನ್ನು ಎ-ಪ್ಲಸ್‌ನಿಂದ ಡಿವರೆಗೆ ದರ್ಜೆ ಮಾಡಿತು. ಆಗ ಮೇಲಿನ ದರ್ಜೆಯವರಿಗೆ ದೇಶೀ ಪಂದ್ಯದ ದಿನಕ್ಕೆ 40,000 ರೂಪಾಯಿ ಇತ್ತು. ಹಣ ಇರೋ ಆಟಕ್ಕೆ ಈ ವ್ಯವಸ್ಥೆ ಬಂದಿದೆ, ಕಬಡ್ಡಿ–ಖೋಖೋ ಆಡೋ ಮಣ್ಣಿನ ಅಂಕಣಕ್ಕೆ ಬಂದಿಲ್ಲ.

ಇಲ್ಲೊಂದು ಎಚ್ಚರಿಕೆ ಬೇಕು. ಅಳೆಯೋ ಅಧಿಕಾರ ಸೋತ ತಂಡದ ಕೈಗೋ ಟ್ರೋಫಿ ಕೊಡಿಸಿದ ಮುಖಂಡರ ಕೈಗೋ ಹೋದರೆ ರೆಫ್ರಿ ಅವರ ಮುಖ ನೋಡಿಕೊಂಡು ವಿಷಲ್ ಊದೋಕೆ ಶುರುಮಾಡ್ತಾನೆ. ನೋಡೋರು ಅದೇ ಕೆಲಸ ಮಾಡಿ ಬಂದವರಾಗಿರಬೇಕು, ಎರಡೂ ತಂಡಕ್ಕೆ ಸಂಬಂಧವಿಲ್ಲದವರಾಗಿರಬೇಕು, ಹೇಳೋದನ್ನು ಮೈಕಿನಲ್ಲಲ್ಲ, ರೆಫ್ರಿಯ ಎದುರು ಕೂತು ಹೇಳಬೇಕು.

ರಾಜಕೀಯ ಮಾತಾಡುವ ನಾವು ಇದಕ್ಕೆ ಯಾಕೆ ತಲೆಕೆಡಿಸಿಕೊಳ್ಳಬೇಕು? ಹಳ್ಳಿಯ ಹನ್ನೆರಡು ವರ್ಷದ ಹುಡುಗಿಗೆ ಸಂವಿಧಾನ, ನ್ಯಾಯಾಲಯ ಇನ್ನೂ ದೂರ. ಎಲ್ಲರಿಗೂ ಒಂದೇ ನಿಯಮ ಅನ್ನೋ ಮಾತು ನಿಜವೋ ಸುಳ್ಳೋ ಅಂತ ಅವಳು ಮೊದಲು ಪರೀಕ್ಷೆ ಮಾಡೋದು ಶಾಲಾ ಮೈದಾನದಲ್ಲಿ. ದೊಡ್ಡ ಬೀದಿ ತಂಡಕ್ಕೆ ರೆಫ್ರಿ ಜೊತೆ ವಾದ ಮಾಡೋ ಧೈರ್ಯ ಇರುತ್ತೆ, ಹಿಂದೆ ಜನ ಇರ್ತಾರೆ. ಕೇರಿ ಹುಡುಗರ ತಂಡಕ್ಕೆ ಇರೋದು ನಿಯಮ ಒಂದೇ. ಆ ನಿಯಮ ಹಿಡಿದು ನಿಂತ ಮೇಷ್ಟ್ರು ಒತ್ತಡಕ್ಕೆ ಬಾಗಿದರೆ ಮೊದಲು ಸೋಲೋರು ಅವರೇ.

ಬಕ್ ನಿಯಮವನ್ನು ಪುಸ್ತಕ ಮಾಡಿದ, ನಿಯಮ ತಿಳಿದವರನ್ನು ತಯಾರು ಮಾಡಿದ. ಅವರನ್ನು ನೋಡಿಕೊಳ್ಳೋ ಮೂರನೇ ಕೆಲಸ ಸ್ವತಂತ್ರ ಭಾರತದ್ದಾಗಿತ್ತು, ಈಗ ನಮ್ಮದು. ಜಿಲ್ಲೆಯ ನಿವೃತ್ತ ಪಿಟಿ ಮೇಷ್ಟ್ರುಗಳನ್ನು ವೀಕ್ಷಕರಾಗಿ ಕರೆದು ತಾಲ್ಲೂಕು ಪಂದ್ಯಗಳಿಗೆ ಕೂರಿಸೋಕೆ ಶಿಕ್ಷಣ ಇಲಾಖೆಗೆ ದೊಡ್ಡ ಖರ್ಚೇನೂ ಬೀಳೋದಿಲ್ಲ. ಸ್ವಂತ ಶಾಲೆ ಆಡುವ ಗುಂಪಿನ ಪಂದ್ಯಕ್ಕೆ ಆ ಶಾಲೆಯ ಮೇಷ್ಟ್ರನ್ನು ಹಾಕಬಾರದು ಅನ್ನೋಕೆ ಒಂದು ಸುತ್ತೋಲೆ ಸಾಕು. ಹೆಣ್ಣುಮಕ್ಕಳ ಪಂದ್ಯಕ್ಕೆ ಶಿಕ್ಷಕಿಯರನ್ನು ತಯಾರು ಮಾಡೋದನ್ನೂ ಇದರ ಜೊತೆಗೇ ಕೇಳಬೇಕು. ಇಲಾಖೆ ಮಾಡೋತನಕ ಕಾಯಬೇಕಿಲ್ಲ. ಅಂಬೇಡ್ಕರ್ ಜಯಂತಿಗೋ ರಾಜ್ಯೋತ್ಸವಕ್ಕೋ ಟೂರ್ನಿ ಮಾಡುವ ಯುವಕ ಸಂಘಗಳು ನೀವೇ ತಾನೇ? ಮುಂದಿನ ಸಲ ಪಾಂಪ್ಲೆಟ್‌ನಲ್ಲಿ ಬಹುಮಾನದ ಮೊತ್ತದ ಕೆಳಗೆ ರೆಫ್ರಿಗಳ ಸಂಭಾವನೆಯನ್ನೂ ಹಾಕಿ. ಅಂಕಣದ ಪಕ್ಕದಲ್ಲಿ ವೀಕ್ಷಕರಿಗೆ ಅಂತ ಒಂದು ಕುರ್ಚಿ ಇಡಿ, ಮೈಕ್ ಹಿಡಿದವರಿಗೆ ತೀರ್ಪಿನ ಬಗ್ಗೆ ಮಾತಾಡೋ ಹಾಗಿಲ್ಲ ಅಂತ ಮೊದಲೇ ಹೇಳಿ.